ಸಹಿ ಹಾಕುವ ಮುಂಚೆ ಒಲಿವಿಯಾ ಕಥೆ ಕೇಳು

ಚಿ. ಮೇಘನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಅಗ್ರಿಮೆಂಟಿನ ಫೋಟೋಗಳನ್ನು ನಿಮ್ಮಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದಳು. ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಮೂರು ವರ್ಷದ ಕರಾರು, ದುಡ್ಡೂ ಪರವಾಗಿಲ್ಲ. ಆದರೆ ಹನ್ನೊಂದನೇ ಕಲಂ ಓದಿದೆಯಾ? ಕೊಟ್ಟ ಪಾತ್ರ ಬೇಡ ಅಂದರೆ ಅಷ್ಟು ದಿನ ಸಂಬಳ ಇಲ್ಲ, ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತೇವೆ ಅಂತ ಇದೆ. ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳಿಗೆ ಇಂಥ ಸಾಲು ಬೇಗ ಕಣ್ಣಿಗೆ ಬೀಳುತ್ತೆ ಕಣೇ. ಓದಿದ ಕೂಡಲೇ ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ನೆನಪಾದಳು.

'ಗಾನ್ ವಿತ್ ದ ವಿಂಡ್' ನೋಡಿದ್ದೀಯಲ್ಲ, ಅದರಲ್ಲಿ ಮೆಲನಿ ಆಗಿದ್ದವಳು. ಹುಟ್ಟಿದ್ದು 1916ರಲ್ಲಿ, ಟೋಕಿಯೋದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಟೀಚರ್ ಆಗಬೇಕು ಅಂದುಕೊಂಡಿದ್ದ ಹುಡುಗಿ. ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಆಡಿಸುತ್ತಿದ್ದ ಶೇಕ್ಸ್‌ಪಿಯರ್ ನಾಟಕದಲ್ಲಿ ಬದಲಿ ನಟಿಯಾಗಿ ಸೇರಿದಳು. ಮುಖ್ಯ ನಟಿ ಬಿಟ್ಟುಹೋದಾಗ ಪಾತ್ರ ಇವಳಿಗೇ ಬಂತು. ಅದೇ ನಾಟಕ ಸಿನಿಮಾ ಆಗುವಾಗ ವಾರ್ನರ್ ಬ್ರದರ್ಸ್ ಸ್ಟುಡಿಯೋ ಕರಾರು ಮುಂದಿಟ್ಟಿತು. ಆಗ ಅವಳಿಗೆ 18 ವರ್ಷ. ನಿನಗಿಂತ ಚಿಕ್ಕವಳು.

ಆಗಿನ ಹಾಲಿವುಡ್‌ನಲ್ಲಿ ನಟರು ಸ್ಟುಡಿಯೋದ ಸಂಬಳದಾಳುಗಳು. ಯಾವ ಚಿತ್ರ, ಯಾವ ಪಾತ್ರ ಅಂತ ಮಾಲೀಕರೇ ಹೇಳುವುದು. ನಾಯಕ ನಟ ಎರೊಲ್ ಫ್ಲಿನ್ ಜೊತೆ ಎಂಟು ಚಿತ್ರ ಮಾಡಿದಳು. ಅವನು ಕತ್ತಿ ಹಿಡಿದು ಕುಣಿಯುತ್ತಾನೆ, ಇವಳು ಚಂದದ ಗೌನು ಹಾಕಿಕೊಂಡು ಅವನಿಗೆ ಕಾಯುತ್ತಾಳೆ. ಮೆಲನಿ ಪಾತ್ರ ಇದ್ದದ್ದು ಬೇರೆ ನಿರ್ಮಾಪಕರ ಚಿತ್ರದಲ್ಲಿ. ಸ್ಟುಡಿಯೋ ಮಾಲೀಕ ಜ್ಯಾಕ್ ವಾರ್ನರ್ ಕಳಿಸಲು ಒಪ್ಪಲಿಲ್ಲ. ಇವಳು ಜಗಳ ಆಡಲಿಲ್ಲ. ಅವನ ಹೆಂಡತಿಯನ್ನು ಚಹಾಕ್ಕೆ ಕರೆದು ಕಷ್ಟ ಹೇಳಿಕೊಂಡಳು. ಆಯಮ್ಮ ಗಂಡನನ್ನು ಒಪ್ಪಿಸಿದಳು! ಈ ಜಾಣತನ ನನಗೆ ಕೋರ್ಟಿನ ಗೆಲುವಿಗಿಂತ ಜಾಸ್ತಿ ಇಷ್ಟ.

ಅಷ್ಟು ಹೆಸರು ಬಂದ ಮೇಲೂ ವಾರ್ನರ್‌ನವರು ಮತ್ತೆ ಅಂಥದೇ ಪಾತ್ರ ಕೊಟ್ಟರು. ಬೇಡ ಅಂದಾಗಲೆಲ್ಲ ಸಸ್ಪೆಂಡ್. ಸಂಬಳ ನಿಲ್ಲುತ್ತಿತ್ತು, ಕರಾರು ಬೆಳೆಯುತ್ತಿತ್ತು. 1936ರಲ್ಲಿ ಮಾಡಿಕೊಂಡ ಏಳು ವರ್ಷದ ಕರಾರು 1943ರಲ್ಲಿ ಮುಗಿಯಿತು ಅಂತ ಇವಳು ಹೊರಟರೆ, ಇನ್ನೂ ಸುಮಾರು ಆರು ತಿಂಗಳು ಬಾಕಿ ಇದೆ ಅಂದರು. ಅದೇ ನಿನ್ನ ಹನ್ನೊಂದನೇ ಕಲಂ.

ಯಾರನ್ನೂ ಏಳು ವರ್ಷಕ್ಕಿಂತ ಜಾಸ್ತಿ ಇಂಥ ಕರಾರಿಗೆ ಕಟ್ಟಿಹಾಕುವಂತಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಒಂದು ಕಾನೂನು ಇತ್ತು. ಅದನ್ನು ತೋರಿಸಿಕೊಟ್ಟದ್ದು ಅವಳ ವಕೀಲ ಮಾರ್ಟಿನ್ ಗ್ಯಾಂಗ್. ಏಳು ವರ್ಷ ಅಂದರೆ ಕೆಲಸ ಮಾಡಿದ ದಿನಗಳ ಲೆಕ್ಕವೋ, ಕ್ಯಾಲೆಂಡರ್ ಲೆಕ್ಕವೋ ಎಂಬುದೇ ಪ್ರಶ್ನೆ. ಕ್ಯಾಲೆಂಡರ್ ಲೆಕ್ಕವೇ ಸರಿ ಅಂತ ಕೋರ್ಟ್ ಹೇಳಿತು. 1944ರ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಅವಳೇ ಗೆದ್ದಳು. ಈಗಲೂ ಅದಕ್ಕೆ ಡಿ ಹ್ಯಾವಿಲೆಂಡ್ ಕಾನೂನು ಅಂತಲೇ ಹೆಸರು. ಬೆಟ್ಟಿ ಡೇವಿಸ್‌ಳಂಥ ಗಟ್ಟಿಗಿತ್ತಿ ನಟಿಯೂ 1936ರಲ್ಲಿ ಲಂಡನ್ ಕೋರ್ಟಿನಲ್ಲಿ ಇದೇ ಸ್ಟುಡಿಯೋ ಎದುರು ಸೋತಿದ್ದಳು.

ಗೆದ್ದದ್ದು ಪುಕ್ಕಟೆ ಅಲ್ಲ. ವಾರ್ನರ್ ಬೇರೆ ಸ್ಟುಡಿಯೋಗಳಿಗೆಲ್ಲ ಪತ್ರ ಬರೆದು ಅವಳಿಗೆ ಕೆಲಸ ಸಿಗದಂತೆ ಮಾಡಿದ. ಸುಮಾರು ಎರಡು ವರ್ಷ ಕ್ಯಾಮೆರಾ ಮುಂದೆ ಬರಲಾಗಲಿಲ್ಲ. ಮನೆಯಲ್ಲಿ ಸುಮ್ನೆ ಕೂರದೆ ಮಿಲಿಟರಿ ಆಸ್ಪತ್ರೆಗಳಿಗೆ ಹೋಗಿ ಗಾಯಾಳು ಸೈನಿಕರನ್ನು ಮಾತಾಡಿಸಿ ಬರುತ್ತಿದ್ದಳು. ಆಮೇಲೆ ಪಾತ್ರ ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂತಲ್ಲ, ಆರಿಸಿದ್ದು ಎಂಥವು ನೋಡು. 'ಟು ಈಚ್ ಹಿಸ್ ಓನ್'ನಲ್ಲಿ ಮದುವೆಯಾಗದೆ ಹೆತ್ತ ಮಗುವನ್ನು ಬಿಟ್ಟುಕೊಡಬೇಕಾದ ತಾಯಿ. ಮೊದಲ ಆಸ್ಕರ್ ಅದಕ್ಕೇ. 'ದ ಸ್ನೇಕ್ ಪಿಟ್'ಗಾಗಿ ಮಾನಸಿಕ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ಹತ್ತಿರದಿಂದ ನೋಡಿದಳು. ಮೇಕಪ್ಪಿನ ಚೆಲುವೆಲ್ಲ ಅಲ್ಲಿ ಮಾಯ. 1949ರ 'ದ ಏರೆಸ್'ನಲ್ಲಿ, ಪ್ರಿಯಕರ ಬರುತ್ತಾನೆ ಅಂತ ರಾತ್ರಿಯೆಲ್ಲ ಕಾದು, ಸೂಟ್‌ಕೇಸ್ ಹೊತ್ತು ಮಹಡಿ ಮೆಟ್ಟಿಲು ಹತ್ತುತ್ತಾಳೆ. ಮಾತೇ ಇಲ್ಲ. ಆ ಕಾಲುಗಳನ್ನು ನೋಡು, ಸಾಕು. ಎರಡನೇ ಆಸ್ಕರ್ ಅದಕ್ಕೆ.

ತಂಗಿ ಜೋನ್ ಫಾಂಟೇನ್ ಜೊತೆಗಿನ ಮುನಿಸಿನ ಕಥೆ ಇಂಟರ್ನೆಟ್ ತುಂಬಾ ಇದೆ, ಅದು ನಮಗೆ ಬೇಡ. ಇನ್ನೇನು 101 ತುಂಬಬೇಕು ಅನ್ನುವಾಗಲೂ ತನ್ನನ್ನು ಪಾತ್ರ ಮಾಡಿ ತೋರಿಸಿದ ಟಿವಿ ಸರಣಿ ಮೇಲೆ ಕೇಸ್ ಹಾಕಿದಳು. ಸೋತಳು. ಅದು ಸೋಲಬೇಕಾದ ಕೇಸೇ ಅಂತ ನನ್ನ ಅಭಿಪ್ರಾಯ. 2020ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ 104 ವರ್ಷ.

ಈಗ ನಿನ್ನ ವಿಷಯ. ನಮ್ಮಲ್ಲಿ ಆ ಏಳು ವರ್ಷದ ಕಾನೂನಿಲ್ಲ. ಕರಾರು ಮುಗಿದ ಮೇಲೂ ಬೇರೆ ಕಡೆ ಕೆಲಸ ಮಾಡಬೇಡ ಅನ್ನುವ ಷರತ್ತು 1872ರ ಕಾಂಟ್ರಾಕ್ಟ್ ಆಕ್ಟ್‌ನ 27ನೇ ಸೆಕ್ಷನ್ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕರಾರು ನಡೆಯುತ್ತಿರುವಾಗ ಅಂಥ ಷರತ್ತನ್ನು ಕೋರ್ಟು ಒಪ್ಪಬಹುದು. ಮುಗಿಯುವ ತಾರೀಖನ್ನೇ ಅವರು ಮುಂದೂಡುತ್ತಾ ಹೋದರೆ ಏನು ಮಾಡುತ್ತೀಯ? ಆದ್ದರಿಂದ ಕೊನೆಯ ದಿನವನ್ನು ತಾರೀಖು ಸಮೇತ ಬರೆಸು. ಹನ್ನೊಂದನೇ ಕಲಂ ತೆಗೆಯಲು ಕೇಳು. ತೆಗೆಯೋದಿಲ್ಲ ಅಂದರೆ ಒಟ್ಟು ಮೂವತ್ತು ದಿನಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ ಅಂತಾದರೂ ಹಾಕಿಸು. ನಗುತ್ತಲೇ ಕೇಳು, ಕೋಪದ ಮುಖ ಬೇಡ. ಹಾಗಂತ ಸಿಕ್ಕ ಸಣ್ಣ ಪಾತ್ರಕ್ಕೆಲ್ಲ ಮೂಗು ಮುರಿಯಬೇಡ. ಫ್ಲಿನ್ ಪಕ್ಕ ಗೌನು ಹಾಕಿ ನಿಂತಾಗಲೂ ಒಲಿವಿಯಾ ಕೆಲಸ ಕೆಡಿಸಲಿಲ್ಲ.

ಭಾನುವಾರ ಬಾ. ನಮ್ಮ ಹಳೇ ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬರುವಾಗ ಅಗ್ರಿಮೆಂಟ್ ಪೂರ್ತಿ ಪ್ರಿಂಟ್ ತಾ, ಫೋಟೋದಲ್ಲಿ ಐದನೇ ಪುಟ ಅರ್ಧ ಬಿದ್ದೇ ಇಲ್ಲ.

ನಿನ್ನ ದೊಡ್ಡಮ್ಮ