ಟೈಪ್‌ರೈಟರ್‌ಗೆ ಎಣ್ಣೆ ಬಿಡುವ ಮೊದಲು

ಎಲ್ಲರಿಗೂ ನಮಸ್ಕಾರ. ಮೊನ್ನೆ ಬದಿಯಡ್ಕದ ಗುಜರಿ ಅಂಗಡಿಯಲ್ಲಿ ಕನ್ನಡ ಕೀಲಿಮಣೆಯ ಗೋದ್ರೇಜ್ ಸಿಕ್ಕಿತು. ಗೋದ್ರೇಜ್‌ನವರು ಟೈಪ್‌ರೈಟರ್ ಶುರುಮಾಡಿದ್ದು 1955ರಲ್ಲಿ. ಇಂಗ್ಲಿಷ್ ಮೆಷಿನ್ ಹೇಗೂ ಸಿಗುತ್ತದೆ, ನಮ್ಮ ಕಾಸರಗೋಡಿನಲ್ಲಿ ಕನ್ನಡದ್ದು ಅಪರೂಪ ಅಲ್ವಾ?

ಅಕ್ಷರದ ಕಡ್ಡಿಗಳು ಕೂರುವ ಸೀಳುಗಳಿಗೆ ಯಾರೋ ತೆಂಗಿನೆಣ್ಣೆ ಸುರಿದಿದ್ದರು. ನೋಡಿ ಹೊಟ್ಟೆ ಉರಿಯಿತು. ಎಣ್ಣೆಗೆ ಧೂಳು ಹಿಡಿದು ಅಂಟಾಗಿ, ಮೇಲೆದ್ದ ಕಡ್ಡಿ ಕೆಳಗಿಳಿಯುತ್ತಲೇ ಇರಲಿಲ್ಲ. ದಯವಿಟ್ಟು ಅಲ್ಲಿಗೆ ಯಾವ ಎಣ್ಣೆಯೂ ಬೇಡ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ತನ್ನಿ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ಮತ್ತೆ ಉಜ್ಜಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಥಿನ್ನರ್ ಮುಟ್ಟಿಸಬೇಡಿ, ಬಣ್ಣ ಏಳುತ್ತದೆ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿಡಬೇಡಿ. ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ಅಟ್ಟದಲ್ಲಿ ಕನ್ನಡ ಮೆಷಿನ್ ಇದ್ದರೆ, ಗುಜರಿಗೆ ಹಾಕುವ ಮೊದಲು ಇಲ್ಲೊಂದು ಫೋಟೊ ಹಾಕಿ. ನಾನೇ ಬಂದು ನೋಡುತ್ತೇನೆ.