ಶೀನನಿಗೆ, ಬಾಲಿ ಪ್ಲಾನಿನ ಬಗ್ಗೆ

ಲೋ ಶೀನ,

ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಊರೆಲ್ಲ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಜನ ಸಾಕ್ಷಿ ಇದ್ದಾರೆ, ಇನ್ನು ಹೇಗೆ ತಪ್ಪಿಸಿಕೊಳ್ತೀಯೋ ನೋಡೋಣ.

ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಇದೆ. ಬೀಚು ಗೀಚು ಎಲ್ಲ ಕೊನೆಗಿರಲಿ, ಮೊದಲು ಜ್ವಾಲಾಮುಖಿ. ಬತೂರ್ 1,717 ಮೀಟರ್. ನಡುರಾತ್ರಿ ಎಬ್ಬಿಸಿ ಕರೆದುಕೊಂಡು ಹೋಗುತ್ತಾರೆ, ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿರಬೇಕು. ಅಲ್ಲಿ ಕಲ್ಲಿನ ಸಂದಿಯಿಂದ ಬಿಸಿ ಹಬೆ ಬರುತ್ತದಂತೆ. ಗೈಡುಗಳು ಅದರಲ್ಲೇ ಮೊಟ್ಟೆ, ಬಾಳೆಹಣ್ಣು ಬೇಯಿಸಿ ಕೊಡುತ್ತಾರೆ. ಶನಿವಾರ ಬೀಳದ ಹಾಗೆ ನೋಡಿದ್ದೇನೆ, ನಿನ್ನ ಮೊಟ್ಟೆಗೆ ತೊಂದರೆ ಇಲ್ಲ.

ಆಮೇಲೆ ಗಿಲಿಮಾನುಕ್‌ನಲ್ಲಿ ಫೆರಿ ಹತ್ತಿ ಜಾವಾ. ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಅಲ್ಲಿ ಇಜೆನ್ ಅನ್ನುವ ಇನ್ನೊಂದು ಜ್ವಾಲಾಮುಖಿ. ಗಂಧಕದ ಅನಿಲ ನೀಲಿಯಾಗಿ ಉರಿಯುತ್ತದೆ, ಕತ್ತಲಿದ್ದರೆ ಮಾತ್ರ ಕಾಣುವುದು. ಕೆಳಗೆ ಒಂದು ಹಸಿರು ಕೆರೆ, ಪೂರ್ತಿ ಆಸಿಡ್. ಆ ಗುಂಡಿಯೊಳಗಿಂದ ಗಂಧಕ ತೆಗೆಯುವವರು ಎರಡು ಬಿದಿರು ಬುಟ್ಟಿಯಲ್ಲಿ 70-80 ಕೆಜಿ ತುಂಬಿ, ಹೆಗಲ ಮೇಲೆ ಹೊತ್ತು ಮೇಲಕ್ಕೆ ಹತ್ತುತ್ತಾರೆ. ನಡೆಯಲಾಗದ ಪ್ರವಾಸಿಗರನ್ನು ಕೂರಿಸಿ ಎಳೆಯುವ ಕೈಗಾಡಿಯೂ ಇದೆ. ನೀನು ಅದರಲ್ಲಿ ಕೂತರೆ ನಮ್ಮ ಸ್ನೇಹ ಅಲ್ಲಿಗೆ ಮುಗೀತು. ಕೆಮ್ಮಣ್ಣುಗುಂಡಿಯ ಜೀಪಿನ ವಿಷಯವೇ ನಾನಿನ್ನೂ ಮರೆತಿಲ್ಲ. ಜಾವಾದಲ್ಲೇ ಇರುವ ಬ್ರೋಮೋ ಜ್ವಾಲಾಮುಖಿ ಈ ಸಲ ಬೇಡ, ರಜೆ ಸಾಲದು.

ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ನಾಲ್ಕು ಹಂತದ ಎಚ್ಚರಿಕೆ ಇಟ್ಟಿದ್ದಾರೆ. ಒಂದು ಅಂದರೆ ಆರಾಮು, ನಾಲ್ಕು ಅಂದರೆ ಓಡು. ಅದನ್ನು ದಿನಾ ನೋಡುವ ಚಟ ಹತ್ತಿದೆ. ಒಂದು ಅಂತ ಇದ್ದರೆ ಯಾಕೋ ಸಪ್ಪೆ ಅನಿಸುತ್ತದೆ ಕಣೋ. ಎರಡಕ್ಕೆ ಏರಿದ್ದು ಕಂಡರೆ ಒಳಗೊಳಗೇ ಖುಷಿ. ನಾವಿರುವಾಗ ಒಂಚೂರು ಹೊಗೆ, ಒಂಚೂರು ಬೂದಿ ಬರಲಿ, ಯಾರಿಗೂ ಏನೂ ಆಗದ ಹಾಗೆ. ವಿಡಿಯೋಗೆ ಆಗುವಷ್ಟು.

ಆಮೇಲೆ ಅಗುಂಗ್ ಬಗ್ಗೆ ಓದಿದೆ. ಬಾಲಿಯ ಅತಿ ಎತ್ತರದ ಬೆಟ್ಟ ಅದು. 1963ರಲ್ಲಿ ಅದರ ಮಗ್ಗುಲಲ್ಲಿರುವ ಬೆಸಾಕಿ ದೇವಸ್ಥಾನದಲ್ಲಿ ನೂರು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಪೂಜೆ ನಡೆಯುತ್ತಿತ್ತು. ಆ ದಿನಗಳಲ್ಲೇ ಬೆಟ್ಟ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ದೇವಸ್ಥಾನ ಉಳಿಯಿತು. 2017ರಲ್ಲಿ ಮತ್ತೆ ನಡುಗಲು ಶುರುವಾದಾಗ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋದರು. ಅಂಥ ಹೊತ್ತಿನಲ್ಲೂ ಕೆಲವರು ಹಗಲಲ್ಲಿ ವಾಪಸ್ ಹೋಗಿ ಹಸುಗಳಿಗೆ ಹುಲ್ಲು ಹಾಕಿ ಬರುತ್ತಿದ್ದರಂತೆ.

ನಮ್ಮಪ್ಪ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಕೊಟ್ಟಿಗೆಯಲ್ಲಿ ಈಗ ಇರುವುದು ಹಾಲು ಬತ್ತಿದ ಒಂದು ಮುದಿ ಹಸು. ಅದನ್ನು ಬಿಟ್ಟು ಬೆಂಗಳೂರಿಗೆ ಬರಲ್ಲ. ಭಾನುವಾರ ಫೋನ್ ಮಾಡಿದರೆ, "ನಾನೂ ಆರಾಮು, ಹಸೂನೂ ಆರಾಮು, ನೀನೇನು ಬರೋದು ಬೇಡ" ಅನ್ನುತ್ತಾರೆ. ನಾನು ಸರಿ ಅಪ್ಪ ಅಂತ ಇಟ್ಟುಬಿಡುತ್ತೇನೆ. ಅಮ್ಮನ ತಿಥಿಗೆ ಹೋಗಿದ್ದೆ. ಅವರು ಬಚ್ಚಲಲ್ಲಿ ಜಾರಿ ಬಿದ್ದಾಗ ಹೋಗಿದ್ದೆ. ಸುಮ್ಸುಮ್ನೆ ಹೋಗಿ, ಜಗಲಿ ಮೇಲೆ ಕೂತು, ಎದ್ದು ಬಂದದ್ದು ಯಾವಾಗ ಅಂತ ನೆನಪಿಗೇ ಬರುತ್ತಿಲ್ಲ. ಹೋದ ತಿಂಗಳು ಫೋನಿನಲ್ಲಿ ಅವರು ಜೋರಾಗಿ ಕೆಮ್ಮಿದರು. ಹೋಗೋಕೆ ಒಂದು ಕಾರಣ ಸಿಕ್ಕಿತು ಅಂತ ನನಗೆ ಸಮಾಧಾನವಾಯಿತು. ಸಮಾಧಾನ ಕಣೋ!

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ನಿನ್ನ ಹೆಂಡತಿ ಓದಿ ನನಗೆ ಧ್ಯಾನದ ಆ್ಯಪ್ ಕಳಿಸುವ ಮೊದಲೇ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಳಿದಲ್ಲೇ ಕೊಡುವ ವೀಸಾ 5 ಲಕ್ಷ ರುಪಿಯಾ, ಪ್ರವಾಸಿ ಶುಲ್ಕ ಒಂದೂವರೆ ಲಕ್ಷ. ಎದೆ ಹಿಡ್ಕೋಬೇಡ, ಎರಡೂ ಸೇರಿ ನಮ್ಮ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ. ನೀನು ಲಕ್ಷದಲ್ಲಿ ಖರ್ಚು ಮಾಡುವ ಯೋಗ ಈ ಜನ್ಮದಲ್ಲಿ ಇದೊಂದೇ.

ಆ ಚಪ್ಪಲಿಯಲ್ಲಿ ಬತೂರ್ ಹತ್ತೋಕಾಗಲ್ಲ, ಒಳ್ಳೆ ಶೂ ತಗೋ. ಕಾಸಿಲ್ಲ ಅಂತ ರಾಗ ಎಳೆದರೆ, ರೂಮಿನಲ್ಲಿದ್ದಾಗಿನ ಹಾಲಿನ ಬಾಕಿಯಲ್ಲಿ ಮುರಿದುಕೋ. ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ.

ನಿನ್ನ,
ಮ್ಯಾನೇಜರ್ ಸಾಹೇಬ