ಗೆರೆಗಳಿವೆ ಎಂದು ನಂಬಬೇಡ

ಕಲಬುರಗಿ,
ರೋಹಿಣಿ ಮಳೆಯ ದಿನಗಳು

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನೀನು ಬೀದರಿನಲ್ಲಿ ಹಳೆಯ ಕಾರೊಂದನ್ನು ಕೊಂಡ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಎಂಟು ವರ್ಷದ ಗಾಡಿಯಾದರೂ 22,000 ಕಿಲೋಮೀಟರ್ ಮಾತ್ರ ಓಡಿದೆ, ಕಂಪನಿಯಿಂದ ಬಂದ ಟೈರುಗಳೇ ಇನ್ನೂ ಇವೆ, ಗೆರೆಗಳಲ್ಲಿ ಉಗುರು ಪೂರ್ತಿ ಇಳಿಯುತ್ತದೆ, ಹಾಗಾಗಿ ಎರಡು ವರ್ಷ ಟೈರಿನ ಖರ್ಚಿಲ್ಲ ಎಂದು ನೀನು ಹಿಗ್ಗಿದ್ದೀಯಂತೆ. ನನ್ನ ನಿದ್ದೆ ಕೆಡಿಸಿದ್ದು ಆ ಕಡೆಯ ಮಾತೇ. ವಾರವಾರವೂ ಹುಮನಾಬಾದ್ ಮೇಲೆ ಹಾಯ್ದು ಹೆಂಡತಿ ಮಕ್ಕಳೊಂದಿಗೆ ಕಲಬುರಗಿಗೆ ಬರುವವನು ನೀನು. ಮೃಗಶಿರ ಮಳೆ ಹಿಡಿಯುವ ಮುಂಚೆಯೇ ನನಗೆ ತಿಳಿದದ್ದನ್ನು ಬರೆದುಬಿಡಬೇಕೆನಿಸಿತು.

ಈ ಊರಿಗೆ ಇನ್ನೂ ಗುಲ್ಬರ್ಗಾ ಎಂಬ ಹೆಸರಿದ್ದ ಕಾಲದಲ್ಲಿ ನಿನ್ನ ಅಜ್ಜನವರ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಮನೆಯಲ್ಲಿ ಎಲ್ಲರೂ ಅದನ್ನು ಫಿಯಟ್ ಎಂದೇ ಕರೆಯುತ್ತಿದ್ದರು. ಮದುವೆ, ಜಾತ್ರೆಗಳಿಗೆ ಹೊರಬೀಳುವುದನ್ನು ಬಿಟ್ಟರೆ ಅದು ವರ್ಷವಿಡೀ ಬೇವಿನ ಮರದ ಕೆಳಗೆ, ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ನಿಂತಿರುತ್ತಿತ್ತು. ಹದಿನಾಲ್ಕು ಇಂಚಿನ ಸಣ್ಣ ಟೈರುಗಳು, ಒಳಗೆ ಟ್ಯೂಬು. ಹಾಕಿಸಿ ಏಳೆಂಟು ವರ್ಷಗಳಾಗಿದ್ದರೂ ಓಡಿದ್ದೇ ಕಡಿಮೆಯಾದ್ದರಿಂದ ಹಚ್ಚು, ಅಂದರೆ ನೆಲಕ್ಕೆ ತಾಗುವ ಗೆರೆಗಳ ಪದರ, ಹೊಸದರಂತೆ ಕಾಣುತ್ತಿತ್ತು, ಮತ್ತು ನಾನು ಅದನ್ನು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ.

ಒಂದು ವರ್ಷ ಮೊದಲ ಮಳೆ ಬಿದ್ದ ದಿನ ಸೇಡಂಗೆ ಹೊರಟಿದ್ದೆವು. ಮಳಖೇಡದ ಹತ್ತಿರ ಕಾಗಿಣಾ ಸೇತುವೆಯ ಕಡೆಗೆ ಇಳಿಯುತ್ತಿದ್ದಾಗ ಮುಂದಿದ್ದ ಎತ್ತಿನ ಬಂಡಿ ನಿಂತಿತು. ನನ್ನ ವೇಗ ಐವತ್ತನ್ನು ದಾಟಿರಲಿಲ್ಲ. ಬ್ರೇಕ್ ತುಳಿದೆ, ಚಕ್ರಗಳು ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಒಣ ರಸ್ತೆಯಲ್ಲಾದರೆ ಟೈರು ಚೀರುತ್ತದೆ, ಅಂದು ಚೀರಾಟವೂ ಇರಲಿಲ್ಲ. ನೀರು ಸೀಳಿಕೊಂಡು ಹೋಗುವ ಸಣ್ಣ ಸದ್ದಷ್ಟೇ ಕೇಳಿಸುತ್ತಿತ್ತು. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದಿದ್ದೆ, ಆದರೂ ಗಾಡಿ ತನ್ನ ಪಾಡಿಗೆ ತಾನು ನೆಟ್ಟಗೆ ಬಂಡಿಯ ಕಡೆಗೇ ಜಾರುತ್ತಿತ್ತು. ಗಾಬರಿಯಲ್ಲಿ ಬ್ರೇಕಿನಿಂದ ಕಾಲು ತೆಗೆದೆ; ಚಕ್ರ ಉರುಳಿದ್ದೇ ತಡ ಗಾಡಿ ಎಡಕ್ಕೆ ಹೊರಳಿ, ಜಾಲಿ ಕಂಟಿಯೊಳಗೆ ನುಗ್ಗಿ, ಎರೆ ಮಣ್ಣಿನಲ್ಲಿ ಹೂತು ನಿಂತಿತು. ಹಿಂದೆ ಕುಳಿತಿದ್ದ ನಿನ್ನ ತಾಯಿಯ ತೊಡೆಯ ಮೇಲಿದ್ದ ಶೇಂಗಾ ಹೋಳಿಗೆಯ ಡಬ್ಬಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಯಾವ ಬಂಡಿಗೆ ಗುದ್ದಲಿದ್ದೆವೋ ಅದೇ ಬಂಡಿಯ ಎತ್ತುಗಳು ನಮ್ಮನ್ನು ಎಳೆದು ರಸ್ತೆಗೆ ಹಾಕಿದವು.

ಸೇಡಂನ ಪಂಕ್ಚರ್ ಅಂಗಡಿಯ ಮುದುಕರೊಬ್ಬರು ಟೈರಿಗೆ ನೀರು ಸುರಿದು ಕೆಸರು ತೊಳೆದರು, ಹಚ್ಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿದರು. ಅದು ಕಟ್ಟಿಗೆಯಂತೆ ಗುರುತೇ ಹಿಡಿಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಹೊಸ ಟೈರಿಗೆ ಹಾಗೆಯೇ ಒತ್ತಿದಾಗ ಉಗುರಿನ ಗೆರೆ ಒಂದು ಕ್ಷಣ ನಿಂತು ಮಾಯವಾಯಿತು. ನಮ್ಮ ಟೈರಿನ ಪಕ್ಕೆಯನ್ನು ತೋರಿಸಿದರು: ಬೇಸಿಗೆಯಲ್ಲಿ ಎರೆ ಹೊಲ ಬಿರಿದಂತೆ ಕೂದಲೆಳೆಯ ಬಿರುಕುಗಳು. “ಗೆರಿ ಅದಾವ್ರಿ, ಜೀವಾ ಇಲ್ರಿ” ಎಂದರು.

ಆ ‘ಜೀವ’ ಏನೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಟೈರಿಗೆ ಎರಡು ಕೆಲಸಗಳಿವೆ. ಅಡಿಯ ನೀರನ್ನು ಗೆರೆಗಳ ಮೂಲಕ ಹೊರದೂಡುವುದು ಒಂದು. ಅದಕ್ಕೆ ಆಳ ಬೇಕು. ಹೊಸ ಕಾರಿನ ಟೈರಿನಲ್ಲಿ ಸುಮಾರು 8 ಮಿಲಿಮೀಟರ್ ಆಳವಿರುತ್ತದೆ, ಕಾನೂನು 1.6 ಮಿಲಿಮೀಟರ್‌ವರೆಗೆ ಸುಮ್ಮನಿರುತ್ತದೆಯಾದರೂ 3ಕ್ಕೆ ಇಳಿದರೆ ಮಳೆಗಾಲದಲ್ಲಿ ನಾನು ಅದನ್ನು ನಂಬುವುದಿಲ್ಲ. ಆದರೆ ನೀರು ಸರಿದ ಮೇಲೂ ಕಲ್ಲಿನ ಮೇಲೆ ತೆಳುವಾದ ತೇವ ಉಳಿದಿರುತ್ತದೆ. ಆಗ ಎರಡನೆಯ ಕೆಲಸ: ನೆಲಕ್ಕೆ ತಾಗಿರುವ ಅಂಗೈಯಗಲದ ರಬ್ಬರು ಮೆತ್ತಗೆ ಬಾಗಿ ಡಾಂಬರಿನ ಕಡಿಗಳ ಸಂದಿಯೊಳಗೆ ಇಳಿದು ಕಚ್ಚಿಕೊಳ್ಳಬೇಕು. ಒಣ ರಸ್ತೆಯಲ್ಲಿ ಬಿರುಸಾದ ರಬ್ಬರೂ ಹೇಗೋ ನಡೆಸಿಕೊಂಡು ಹೋಗುತ್ತದೆ. ಅದರ ಬಣ್ಣ ಬಯಲಾಗುವುದು ಒದ್ದೆಯಲ್ಲಿ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಅದನ್ನು ಗಟ್ಟಿಗೊಳಿಸುವ ಬಗೆಯನ್ನು ಕಂಡುಕೊಂಡನಲ್ಲವೇ? ನಮ್ಮ ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ ನಿಂತ ಟೈರಿನೊಳಗೆ ಆ ಅಡುಗೆ ಸಣ್ಣ ಉರಿಯಲ್ಲಿ ನಡೆದೇ ಇರುತ್ತದೆ. ಗಾಳಿಯ ಆಮ್ಲಜನಕವೂ ಓಝೋನೂ ಅದಕ್ಕೆ ಕೈಜೋಡಿಸುತ್ತವೆ, ಮೆತ್ತಗಿಡುವ ಎಣ್ಣೆಯಂಶ ಕಡಿಮೆಯಾಗುತ್ತ ಬರುತ್ತದೆ. ನಿಂತ ಗಾಡಿಗೆ ಕಿಲೋಮೀಟರ್ ಏರುವುದಿಲ್ಲ, ಟೈರಿಗೆ ವಯಸ್ಸು ಏರುತ್ತದೆ. ಮಾರುವವನು ಕರಿ ಪಾಲಿಶ್ ತಿಕ್ಕಿ ಮಿಂಚಿಸಿದರೆ ಈ ವಯಸ್ಸು ಕಣ್ಣಿಗೆ ಬೀಳುವುದೂ ಇಲ್ಲ.

ಈಗಿನ ರೇಡಿಯಲ್ ಟೈರುಗಳು ನಮ್ಮ ಕಾಲದವುಗಳಿಗಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪುತ್ತೇನೆ. ಹಚ್ಚಿನ ಕೆಳಗಿನ ಉಕ್ಕಿನ ಪಟ್ಟಿ ಅದನ್ನು ನೆಲಕ್ಕೆ ಸಮವಾಗಿ ಊರಿಸುತ್ತದೆ, ರಬ್ಬರಿಗೆ ಸಿಲಿಕಾ ಬೆರೆಸಿದ್ದರಿಂದ ಒದ್ದೆಯಲ್ಲಿನ ಹಿಡಿತವೂ ಸುಧಾರಿಸಿದೆ. ಆದರೂ ಮುಪ್ಪು ಅವಕ್ಕೂ ತಪ್ಪಿಲ್ಲ. ನಿನ್ನ ಗಾಡಿಯಲ್ಲಿ ಎಬಿಎಸ್ ಇದೆ ಎಂಬ ಧೈರ್ಯವನ್ನೂ ಅತಿಯಾಗಿ ಇಟ್ಟುಕೊಳ್ಳಬೇಡ. ಅದು ಚಕ್ರವನ್ನು ಬಿಗಿಯಾಗಗೊಡದೆ ಸ್ಟೀರಿಂಗನ್ನು ನಿನ್ನ ಕೈಯಲ್ಲಿ ಉಳಿಸುತ್ತದೆಯೇ ಹೊರತು ಟೈರಿನಲ್ಲಿಲ್ಲದ ಹಿಡಿತವನ್ನು ಎಲ್ಲಿಂದಲೋ ತಂದುಕೊಡುವುದಿಲ್ಲ.

ನಮ್ಮ ಸೀಮೆಯ ರಸ್ತೆಗಳ ಗುಣವೂ ನಿನಗೆ ನೆನಪಿರಲಿ. ಸೇಡಂ, ವಾಡಿ ಕಡೆ ಸಿಮೆಂಟಿನ ಧೂಳು, ಎಲ್ಲೆಡೆಯೂ ಲಾರಿಗಳ ಎಣ್ಣೆಯ ಜಿಡ್ಡು. ಇವು ಮೊದಲ ಹನಿಗಳೊಂದಿಗೆ ಕಲಸಿ ಜಾರುವ ಲೋಳೆಯಂತಾಗುತ್ತವೆ, ಜೋರು ಮಳೆ ತೊಳೆದ ಮೇಲೆ ರಸ್ತೆ ತುಸು ಹದಕ್ಕೆ ಬರುತ್ತದೆ. ಹೊಲದಿಂದ ಏರಿದ ಟ್ರ್ಯಾಕ್ಟರು ಬಿಟ್ಟುಹೋದ ಎರೆ ಮಣ್ಣಿನ ಮೇಲಂತೂ ಹೊಸ ಟೈರೂ ಜಾರುತ್ತದೆ. ಅಲ್ಲಿ ವೇಗ ಇಳಿಸುವುದೊಂದೇ ದಾರಿ.

ಹವಾ ಕಡಿಮೆಯಿದ್ದರೆ ಟೈರು ಮೆತ್ತಗಾಗಿ ಚೆನ್ನಾಗಿ ಕಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡ. ನಿಂತ ನೀರಿನ ಮೇಲೆ ಟೈರು ತೇಲುವುದನ್ನು ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪರೀಕ್ಷಿಸಿ ಒಂದು ಲೆಕ್ಕ ಕೊಟ್ಟಿದ್ದಾರೆ. ಅದರಂತೆ 30 ಪೌಂಡ್ ಹವಾ ಇರುವ ಬೋಳು ಟೈರು ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ತೇಲಿದರೆ, 20 ಪೌಂಡಿನದು 75ರ ಆಸುಪಾಸಿಗೇ ತೇಲುತ್ತದೆ.

ನಾಲ್ಕೂ ಟೈರು ಒಮ್ಮೆಲೇ ಕೊಳ್ಳಲು ಕೈಯಲ್ಲಿ ಹಣವಿಲ್ಲದಿದ್ದರೆ ಸದ್ಯಕ್ಕೆ ಎರಡಾದರೂ ಹಾಕಿಸು, ಮತ್ತು ಆ ಎರಡನ್ನು ಹಿಂದೆಯೇ ಹಾಕಿಸು. ಅಂಗಡಿಯವರು ಮುಂದೆ ಹಾಕೋಣ ಎನ್ನಬಹುದು. ಆದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಬುಗುರಿಯಂತೆ ತಿರುಗಿಬಿಡುತ್ತದೆ, ಅದನ್ನು ನೆಟ್ಟಗೆ ಮಾಡಿಕೊಳ್ಳುವುದು ನಿನ್ನಿಂದಲೂ ನನ್ನಿಂದಲೂ ಆಗದ ಮಾತು. ಹಣ ಸಾಲದಿದ್ದರೆ ಸಂಕೋಚಪಡದೆ ನನಗೆ ತಿಳಿಸು.

ಮೊದಲು ಒಂದು ಕೆಲಸ ಮಾಡು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕೆಗಳ ಒಂದು ಅಚ್ಚು ಇರುತ್ತದೆ. 3517 ಎಂದಿದ್ದರೆ 2017ರ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊರಬದಿಯಲ್ಲಿ ಕಾಣದಿದ್ದರೆ ಅದು ಒಳಬದಿಯಲ್ಲಿರುತ್ತದೆ, ಬ್ಯಾಟರಿ ಹಿಡಿದು ಬಗ್ಗಿ ನೋಡಬೇಕಾಗುತ್ತದೆ. ಸ್ಟೆಪ್ನಿಯನ್ನೂ ಬಿಡದೆ ಐದೂ ಟೈರುಗಳ ಅಂಕೆಗಳನ್ನು ಬರೆದುಕೊಂಡು ಭಾನುವಾರದೊಳಗೆ ನನಗೆ ಫೋನ್ ಮಾಡು. ಅಲ್ಲಿಯವರೆಗೆ ಮಳೆಯಾದರೆ ಬಸ್ಸಿಗೇ ಬಾ.

ಇಂತಿ ನಿನ್ನ ಮಾಮಾ